‘ಬ’ ಎಂದರೆ ಬುಧವಾರವಲ್ಲ, ಬಹುಳ

ಪ್ರಶ್ನೆ: ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅಪ್ಪಯ್ಯ ತೀರಿಕೊಂಡ ತಿಥಿಯನ್ನು ಅಮ್ಮ ತಮ್ಮ ಲೆಕ್ಕದ ಪುಸ್ತಕದಲ್ಲಿ ‘ಮಾಘ ಬ|| ೧೨, ರಾತ್ರಿ ೯-೪೦’ ಎಂದು ಬರೆದಿಟ್ಟಿದ್ದಾರೆ. ‘ಬ’ ಎಂದರೆ ಬುಧವಾರ ಎಂದುಕೊಂಡಿದ್ದೆ. ಆದರೆ ಅಂದು ಬುಧವಾರವಾಗಿರಲಿಲ್ಲ. ನೋಯ್ಡಾದಲ್ಲಿರುವ ನನ್ನ ತಮ್ಮ ತನ್ನ ಮೊಬೈಲಿನಲ್ಲಿ ‘ಮಾಘ ಕೃಷ್ಣ ದ್ವಾದಶಿ’ ಎಂದು ಹುಡುಕಿ, ಅದು ಶಿವರಾತ್ರಿಗಿಂತ ಒಂದು ತಿಂಗಳು ಮೊದಲೇ ಬರುತ್ತದೆ ಎನ್ನುತ್ತಿದ್ದಾನೆ. ಅಪ್ಪಯ್ಯ ಹೋದದ್ದು ಶಿವರಾತ್ರಿಗೆ ಎರಡು ದಿನ ಇರುವಾಗ ಎಂಬುದು ಅಮ್ಮನ ಗಟ್ಟಿ ನೆನಪು. ಆ ರಾತ್ರಿ ಯಾರೂ ಮಲಗಿರಲಿಲ್ಲ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ತೋಟದ ತಲೆಯ ಮೇಲೆ ಕುಡುಗೋಲಿನಂಥ ಚಂದ್ರ ಬಂದಿದ್ದ ಎಂದೂ ಹೇಳುತ್ತಾರೆ. ಯಾರ ಲೆಕ್ಕ ಸರಿ? ಬೆಳಗಾವಿ ಕಡೆಯ ನಮ್ಮ ಬೀಗರು ‘ವದ್ಯ’ ಎನ್ನುತ್ತಾರಲ್ಲ, ಅದೂ ಇದೇ ಏನು? ಕೃಷ್ಣಪಕ್ಷದಲ್ಲಿ ಶುಭಕಾರ್ಯ ಮಾಡಬಾರದು ಎನ್ನುವುದು ನಿಜವೇ? ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಬಹುಳ ಬಿದಿಗೆಯ ದಿನ ಸಿಕ್ಕಿದೆ.

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಹೇಳಿ, ಅವರು ಬರೆದದ್ದೂ ಸರಿ, ನೆನಪಿಟ್ಟುಕೊಂಡದ್ದೂ ಸರಿ. ನಿಮ್ಮ ತಮ್ಮ ಹುಡುಕಿದ ಪದವೂ ತಪ್ಪಲ್ಲ. ಒಂದೇ ಪಕ್ಷಕ್ಕೆ ನಮ್ಮಲ್ಲಿ ಒಂದು ತಿಂಗಳ ಹೆಸರು, ಗಂಗೆಯ ಬಯಲಿನಲ್ಲಿ ಮುಂದಿನ ತಿಂಗಳ ಹೆಸರು. ಅವರ ಮೊಬೈಲು ಆ ಕಡೆಯ ಹೆಸರಿನಲ್ಲಿ ಲೆಕ್ಕ ಹಾಕಿದೆ. ಹಾಗೆಯೇ ಬಿಟ್ಟರೆ ನಿಮ್ಮ ತಂದೆಯ ಶ್ರಾದ್ಧ ಪ್ರತಿವರ್ಷ ಒಂದು ತಿಂಗಳು ಮೊದಲೇ ನಡೆದುಹೋಗುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

‘ಬ’ ಎಂದರೆ ಬಹುಳ. ಹುಣ್ಣಿಮೆಯ ಮರುದಿನದ ಪಾಡ್ಯದಿಂದ ಅಮಾವಾಸ್ಯೆಯವರೆಗೆ ಚಂದ್ರ ಕ್ಷೀಣಿಸುವ ಹದಿನೈದು ತಿಥಿಗಳಿಗೆ ಸಂಸ್ಕೃತದಲ್ಲಿ ಕೃಷ್ಣಪಕ್ಷ ಎಂದು ಹೆಸರು. ಬಹುಳಪಕ್ಷ ಎಂಬುದು ಅದರದೇ ಇನ್ನೊಂದು ಹೆಸರು. ಅಸಿತಪಕ್ಷ, ತಮಿಸ್ರಪಕ್ಷ, ಅಪರಪಕ್ಷ ಎಂದೂ ಕರೆದಿದ್ದಾರೆ. ‘ಬಹುಳ’ಕ್ಕೆ ಹೇರಳ, ದಟ್ಟ ಎಂಬ ಅರ್ಥ ನಮಗೆಲ್ಲ ಗೊತ್ತು, ಕಪ್ಪು ಎಂಬ ಅರ್ಥವೂ ಆ ಪದಕ್ಕಿದೆ. ಕನ್ನಡನಾಡಿನ ಪಂಚಾಂಗಗಳಲ್ಲಿ, ಕಡತಗಳಲ್ಲಿ, ಕಲ್ಲಿನ ಶಾಸನಗಳಲ್ಲಿ ಹೆಚ್ಚು ಓಡಾಡಿದ ಪದ ಇದೇ. ಬಿ. ಎಲ್. ರೈಸ್ ಅವರು ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಅವುಗಳಲ್ಲಿ ವಿಜಯನಗರ, ಕೆಳದಿ ಅರಸರ ಕಾಲದ ಶಾಸನಗಳನ್ನು ಓದುತ್ತ ಹೋದರೆ ‘ಶು ೧೫ ಲು’, ‘ಬ ೧೦ ಲು’ ಎಂಬ ಚುಟುಕು ಮತ್ತೆ ಮತ್ತೆ ಕಾಣುತ್ತದೆ. ಶುದ್ಧ ಹದಿನೈದರಂದು, ಬಹುಳ ಹತ್ತರಂದು ಎಂದು ಅರ್ಥ. ನಿಮ್ಮ ಅಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಕಲ್ಲು ಕೆತ್ತಿದವರು ಬರೆದ ರೀತಿಯಲ್ಲಿಯೇ. ಅಂಥ ಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.

ನಿಮ್ಮ ಬೀಗರ ‘ವದ್ಯ’ವೂ ಇದೇ ಪಕ್ಷ. ಮಹಾರಾಷ್ಟ್ರದಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಶುದ್ಧ, ವದ್ಯ ಎಂಬ ಜೋಡಿ ಬಳಕೆಯಲ್ಲಿದೆ. ಉತ್ತರ ಭಾರತದ ವ್ಯಾಪಾರಿಗಳ ಖಾತೆ ಪುಸ್ತಕಗಳಲ್ಲಿ ಸುದಿ, ಬದಿ ಎಂದಿರುತ್ತದೆ. ಶುಕ್ಲ ಅಥವಾ ಶುದ್ಧ ದಿನ ಎಂಬುದನ್ನು ‘ಶು ದಿ’ ಎಂದೂ ಬಹುಳ ದಿನ ಎಂಬುದನ್ನು ‘ಬ ದಿ’ ಎಂದೂ ಮೊಟಕುಗೊಳಿಸಿ ಬರೆದದ್ದೇ ಬಾಯಲ್ಲಿ ಹೊಸ ಪದಗಳಾದವು ಎಂದು ವಿದ್ವಾಂಸರು ವಿವರಿಸುತ್ತಾರೆ.

‘ಕೃಷ್ಣ’ ಎಂಬುದಕ್ಕೆ ದೇವರ ಹೆಸರು ಕಾರಣವೇ ಎಂದು ನನ್ನನ್ನು ಕೇಳುವವರು ಬಹಳ. ಅಲ್ಲ. ಕೃಷ್ಣ ಎಂದರೆ ಕಪ್ಪು. ದೇವರಿಗೂ ಪಕ್ಷಕ್ಕೂ ಹೆಸರು ಬಂದದ್ದು ಬಣ್ಣದಿಂದಲೇ. ಆತ ಹುಟ್ಟಿದ್ದೂ ಈ ಪಕ್ಷದ ಅಷ್ಟಮಿಯಂದು, ನಡುರಾತ್ರಿಯಲ್ಲಿ. ಬಹುಳ ಅಷ್ಟಮಿಯ ಅರ್ಧಚಂದ್ರ ಮೂಡುವುದೂ ಸರಿಸುಮಾರು ನಡುರಾತ್ರಿಗೇ. ಜನ್ಮಾಷ್ಟಮಿಯ ಅರ್ಘ್ಯ ಕೊಡಲು ನಿದ್ದೆಗಣ್ಣಿನಲ್ಲಿ ಕಾಯ್ದ ಮಕ್ಕಳಿಗೆಲ್ಲ ಇದು ಪಾಠವಿಲ್ಲದೆಯೇ ಗೊತ್ತಿರುತ್ತದೆ.

ಪಕ್ಷ ಎಂದರೆ ರೆಕ್ಕೆ. ಮಗ್ಗುಲು ಎಂದೂ ಹೌದು. ಒಂದು ತಿಂಗಳಿಗೆ ಎರಡು ರೆಕ್ಕೆಗಳು. ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಹಾಗಾಗಿ ಹಕ್ಕಿಯ ಈ ಹೋಲಿಕೆ ನಮ್ಮ ಭಾಷೆಯಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ. ಬೆಳದಿಂಗಳ ಒಟ್ಟು ಪ್ರಮಾಣವನ್ನು ಅಳೆದರೆ ಎರಡು ರೆಕ್ಕೆಗಳೂ ಸಮ. ಹಾಗಿದ್ದೂ ಒಂದನ್ನು ಬಿಳಿದು, ಇನ್ನೊಂದನ್ನು ಕಪ್ಪು ಎಂದದ್ದೇಕೆ? ಮನುಷ್ಯ ಎಚ್ಚರವಾಗಿರುವ ಹೊತ್ತಿನ ಮೇಲಿಂದ. ಶುಕ್ಲಪಕ್ಷದಲ್ಲಿ ಸೂರ್ಯ ಮುಳುಗುವಾಗಲೇ ಚಂದ್ರ ಆಕಾಶದಲ್ಲಿರುತ್ತಾನೆ. ಬಹುಳದಲ್ಲಿ ದಿನಕ್ಕೆ ಸರಾಸರಿ 50 ನಿಮಿಷದಂತೆ ತಡವಾಗಿ ಮೂಡುತ್ತಾನೆ. ಬಿದಿಗೆಯಂದು ಊಟಕ್ಕೆ ಮುಂಚೆ, ಚೌತಿಯಂದು ಒಂಬತ್ತರ ಆಸುಪಾಸಿಗೆ, ಅಷ್ಟಮಿಗೆ ನಡುರಾತ್ರಿ, ದ್ವಾದಶಿಗೆ ಬೆಳಗಿನ ಜಾವ. ಬೆಳಕು ಇರುತ್ತದೆ, ಆದರೆ ನಾವು ಮಲಗಿದ ಮೇಲೆ. ಅಡಿಕೆ ಸುಗ್ಗಿಯಲ್ಲಿ ಅಂಗಳದ ಚಪ್ಪರದಡಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಸುಲಿದವರನ್ನು ಕೇಳಿ, ಕತ್ತಲೆ ಪಕ್ಷದ ಚಂದ್ರ ಎಷ್ಟು ಹೊತ್ತಿಗೆ ಯಾವ ಮರದ ಸಂದಿಯಲ್ಲಿ ಕಾಣಿಸುತ್ತಾನೆ ಎಂದು ಕರಾರುವಾಕ್ಕಾಗಿ ಹೇಳುತ್ತಾರೆ.

ಇದರಿಂದಲೇ ನಿಮ್ಮ ಅಮ್ಮನ ಮಾತನ್ನು ಪರೀಕ್ಷಿಸಲು ಸಾಧ್ಯ. ನಾಲ್ಕು ಗಂಟೆಯ ಹೊತ್ತಿಗೆ ತೋಟದ ಮೇಲೆ ಕುಡುಗೋಲಿನಂಥ ಚಂದ್ರ ಎಂದರಲ್ಲ, ನಿಮ್ಮ ತೋಟ ಮನೆಯ ಮೂಡಣಕ್ಕಿರಬೇಕು. ಬಹುಳ ದ್ವಾದಶಿಯಂದು ಚಂದ್ರ ಸೂರ್ಯನಿಗಿಂತ ಸುಮಾರು ಎರಡೂವರೆಯಿಂದ ಮೂರು ಗಂಟೆ ಮುಂಚೆ ಮೂಡುತ್ತಾನೆ, ಕಳೆ ಕುಂದಿದ ತೆಳ್ಳಗಿನ ರೂಪದಲ್ಲಿ. ಮಾಘದ ಕೊನೆಗೆ ನಮ್ಮಲ್ಲಿ ಸೂರ್ಯೋದಯ ಆರೂಮುಕ್ಕಾಲರ ಹೊತ್ತಿಗೆ. ಲೆಕ್ಕ ಕೂಡಿತು. ಅದು ಶುದ್ಧ ದ್ವಾದಶಿಯಾಗಿದ್ದಿದ್ದರೆ ಆ ಹೊತ್ತಿಗೆ ಹೆಚ್ಚುಕಡಿಮೆ ಪೂರ್ಣವಾದ ಚಂದ್ರ ಪಡುವಣಕ್ಕೆ ಇಳಿಯುತ್ತಿರುತ್ತಿದ್ದ. ಪುಸ್ತಕದಲ್ಲಿ ಆ ಒಂದು ‘ಬ’ ಅಳಿಸಿಹೋಗಿದ್ದಿದ್ದರೂ ನಿಮ್ಮ ತಾಯಿಯ ಕಣ್ಣಿನ ಸಾಕ್ಷಿಯಿಂದ ಪಕ್ಷವನ್ನು ತಿಳಿಯಬಹುದಿತ್ತು.

ಪಕ್ಷ ಖಚಿತವಾಯಿತು. ತಮ್ಮನಿಗೂ ನಿಮಗೂ ಭಿನ್ನವಾಗಿರುವುದು ತಿಂಗಳ ಹೆಸರು.

ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತುಗಳಲ್ಲಿ ಚಾಂದ್ರಮಾಸ ಮುಗಿಯುವುದು ಅಮಾವಾಸ್ಯೆಗೆ. ಇದು ಅಮಾಂತ. ಮೊದಲು ಶುದ್ಧ, ಆಮೇಲೆ ಬಹುಳ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶ ಮುಂತಾದೆಡೆ ಮಾಸ ಮುಗಿಯುವುದು ಹುಣ್ಣಿಮೆಗೆ. ಅದು ಪೂರ್ಣಿಮಾಂತ. ಅಲ್ಲಿ ಮೊದಲು ಕೃಷ್ಣ, ಆಮೇಲೆ ಶುಕ್ಲ. ಇದರ ಪರಿಣಾಮ ಇಷ್ಟೇ: ಶುಕ್ಲಪಕ್ಷದಲ್ಲಿ ಇಬ್ಬರ ತಿಂಗಳ ಹೆಸರೂ ಒಂದೇ, ಕೃಷ್ಣಪಕ್ಷದಲ್ಲಿ ಅವರ ತಿಂಗಳು ನಮಗಿಂತ ಒಂದು ಮುಂದೆ. ಚಂದ್ರನೂ ಒಂದೇ, ತಿಥಿಯೂ ಒಂದೇ, ಹಬ್ಬದ ದಿನವೂ ಒಂದೇ. ಹೆಸರಿನ ಚೀಟಿ ಮಾತ್ರ ಬೇರೆ.

2025ರ ಪ್ರಯಾಗದ ಕುಂಭಮೇಳ ನಿಮಗೆ ನೆನಪಿರಬಹುದು. ಜನವರಿ 29ರಂದು ಮೌನಿ ಅಮಾವಾಸ್ಯೆಯ ಸ್ನಾನವಾಯಿತು. ಅಲ್ಲಿನವರಿಗೆ ಅದು ಮಾಘ ಅಮಾವಾಸ್ಯೆ. ಅಂದು ನಮ್ಮ ಪಂಚಾಂಗದಲ್ಲಿ ಪುಷ್ಯ ಬಹುಳ ಅಮಾವಾಸ್ಯೆ. ಅದಾದ ಮೇಲೆ ಬಂದ ಶುಕ್ಲಪಕ್ಷ ಇಬ್ಬರಿಗೂ ಮಾಘ. ಮತ್ತೆ ಹುಣ್ಣಿಮೆ ದಾಟಿದ ಕೂಡಲೇ ಅವರು ಫಾಲ್ಗುಣಕ್ಕೆ ಹೋದರು, ನಾವು ಮಾಘದಲ್ಲಿಯೇ ಉಳಿದೆವು. ಫೆಬ್ರವರಿ 26ರ ಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ ಕೃಷ್ಣ ಚತುರ್ದಶಿ. ನಿಮ್ಮ ತಮ್ಮ ‘ಮಾಘ ಕೃಷ್ಣ ದ್ವಾದಶಿ’ ಎಂದು ಹುಡುಕಿದಾಗ ಸಿಕ್ಕಿದ್ದು ಮೌನಿ ಅಮಾವಾಸ್ಯೆಯ ಹಿಂದಿನ ದ್ವಾದಶಿ. ನಿಮಗೆ ಬೇಕಾದದ್ದು ಶಿವರಾತ್ರಿಯ ಹಿಂದಿನ ದ್ವಾದಶಿ. ಉತ್ತರದ ಪಂಚಾಂಗದಲ್ಲಿ ಅವರು ನೋಡಬೇಕಾದದ್ದು ‘ಫಾಲ್ಗುಣ ಕೃಷ್ಣ ದ್ವಾದಶಿ’.

ಜನ್ಮಾಷ್ಟಮಿ, ದೀಪಾವಳಿ, ಪಿತೃಪಕ್ಷಗಳಲ್ಲಿಯೂ ಹೀಗೆಯೇ. ನಮ್ಮ ಶ್ರಾವಣ ಬಹುಳ ಅಷ್ಟಮಿ ಅವರ ಭಾದ್ರಪದ ಕೃಷ್ಣ ಅಷ್ಟಮಿ. ನಮ್ಮ ನರಕ ಚತುರ್ದಶಿ ಆಶ್ವಯುಜ ಬಹುಳದಲ್ಲಿ, ಅವರದು ಕಾರ್ತಿಕ ಕೃಷ್ಣದಲ್ಲಿ. ನಿಮ್ಮ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ನಮಗೆ ಮಾರ್ಗಶಿರದ ಕೊನೆಯ ದಿನ. ರಾಮೇಶ್ವರ ದೇವರ ಜಾತ್ರೆಗೆ ತುಂಗೆಯಲ್ಲಿ ಮುಳುಗೆದ್ದವರ ಪಕ್ಕದಲ್ಲಿ ಕಾಶಿಯ ಕಡೆಯವರೊಬ್ಬರು ನಿಂತು ಸಂಕಲ್ಪ ಹೇಳಿದರೆ ಪೌಷಮಾಸ ಎನ್ನುತ್ತಾರೆ. ಇಬ್ಬರ ಮೈ ಒದ್ದೆಯಾಗುವುದು ಒಂದೇ ನೀರಿನಲ್ಲಿ, ಒಂದೇ ದಿನ.

ಈ ಸೂತ್ರಕ್ಕೆ ಒಂದು ವಿನಾಯಿತಿ ಇದೆ, ಅಧಿಕಮಾಸ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕಮಾಸ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೊಂದಿಕೊಂಡೇ ಹುಟ್ಟುವುದರಿಂದ ಅದರ ಎರಡೂ ಪಕ್ಷಗಳಿಗೆ ಉತ್ತರದವರೂ ನಾವೂ ಒಂದೇ ಹೆಸರು ಹೇಳುತ್ತೇವೆ. ಪೂರ್ಣಿಮಾಂತದವರಿಗೆ ಆಗ ನಿಜಮಾಸದ, ಅಂದರೆ ಅದೇ ಹೆಸರಿನ ಮಾಮೂಲಿ ಮಾಸದ, ಕೃಷ್ಣಪಕ್ಷ ಈಚೆ ದಡದಲ್ಲಿ, ಶುಕ್ಲಪಕ್ಷ ಆಚೆ ದಡದಲ್ಲಿ, ನಡುವೆ ಅಧಿಕಮಾಸದ ಹೊಳೆ.

ಯಾವುದು ಮೂಲ ಪದ್ಧತಿ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ, ಎರಡೂ ಹಳೆಯವು. ಆದರೂ ಅಮರಕೋಶವನ್ನು ಬಾಯಿಪಾಠ ಮಾಡಿದ ನನಗೆ ಒಂದು ಸಾಲು ಹೇಳದೆ ಇರಲಾಗುವುದಿಲ್ಲ: ‘ಪಕ್ಷೌ ಪೂರ್ವಾಪರೌ ಶುಕ್ಲಕೃಷ್ಣೌ ಮಾಸಸ್ತು ತಾವುಭೌ’. ಮೊದಲ ಪಕ್ಷ ಶುಕ್ಲ, ಎರಡನೆಯದು ಕೃಷ್ಣ, ಎರಡೂ ಸೇರಿದರೆ ಮಾಸ. ನಮ್ಮ ಅಮಾಂತದ ಕ್ರಮವನ್ನೇ ಅದು ಹೇಳುತ್ತಿದೆ. ಅಪರಪಕ್ಷ, ಅಂದರೆ ಹಿಂದಿನಿಂದ ಬರುವ ಪಕ್ಷ, ಎಂಬ ಹೆಸರು ಕೃಷ್ಣಪಕ್ಷಕ್ಕೆ ಒಪ್ಪುವುದೂ ಈ ಕ್ರಮದಲ್ಲಿಯೇ.

ಇಷ್ಟು ಒತ್ತಿ ಹೇಳುವುದಕ್ಕೆ ನನಗೆ ಕಾರಣವಿದೆ. ಕಾಶಿಯಲ್ಲಿ ಓದು ಮುಗಿಸಿ ಊರಿಗೆ ಬಂದ ಹೊಸತರಲ್ಲಿ ಅಲ್ಲಿ ಅಚ್ಚಾದ ಪಂಚಾಂಗವೊಂದು ನನ್ನ ಚೀಲದಲ್ಲಿತ್ತು. ನೆರೆಯ ಊರಿನ ವಯಸ್ಸಾದ ತಾಯಿಯೊಬ್ಬರು ತಮ್ಮ ಯಜಮಾನರ ತಿಥಿ ಕಾರ್ತಿಕ ಬಹುಳ ಪಂಚಮಿ, ಈ ವರ್ಷ ಯಾವತ್ತು ಬರುತ್ತದೆ ಎಂದು ಕೇಳಿದರು. ಪುಟ ತಿರುಗಿಸಿ ‘ಕಾರ್ತಿಕ ಕೃಷ್ಣ ಪಂಚಮಿ’ಯ ತಾರೀಖು ಹೇಳಿಬಿಟ್ಟೆ. ಅದು ನಮ್ಮ ಆಶ್ವಯುಜ ಬಹುಳ. ದೀಪಾವಳಿಗೆ ಇನ್ನೂ ಹತ್ತು ದಿನ ಇರುವಾಗ ಅವರು ಅಡುಗೆ ಮಾಡಿಸಿ, ಮಕ್ಕಳನ್ನು ಕರೆಸಿ, ಶ್ರಾದ್ಧ ಮುಗಿಸಿದರು. ಊಟವಾದ ಮೇಲೆ ಅವರ ನಾದಿನಿ, ‘ಅಣ್ಣ ಹೋದ ವರ್ಷ ನಾವು ದೊಡ್ಡಹಬ್ಬ ಮುಗಿಸಿಯಾಗಿತ್ತಲ್ಲ ಅತ್ತಿಗೆ’ ಎಂದರಂತೆ. ದೊಡ್ಡಹಬ್ಬವೆಂದರೆ ನಮ್ಮ ಕಡೆ ದೀಪಾವಳಿ. ನನಗೆ ಹೇಳಿ ಕಳಿಸಿದರು. ಹೋದಾಗ ಅವರು ಬಯ್ಯಲಿಲ್ಲ. ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, ‘ಅವರಿಗೆ ಮುಟ್ಟಿತೋ ಇಲ್ಲವೋ ಅದೊಂದು ಹೇಳಿ’ ಎಂದರು. ಮುಂದಿನ ತಿಂಗಳು ಸರಿಯಾದ ಪಂಚಮಿಯಂದು ಮತ್ತೆ ಮಾಡಿಸಿದೆ. ಆ ಪ್ರಶ್ನೆ ಕೇಳುವಾಗ ಅವರ ಮುಖ ಹೇಗಿತ್ತು ಎಂಬುದು ಇಂದಿಗೂ ನನ್ನ ಕಣ್ಣಮುಂದಿದೆ. ಅಂದಿನಿಂದ ಯಾರು ಕೃಷ್ಣಪಕ್ಷದ ತಿಥಿ ಹೇಳಿದರೂ ನಾನು ಕೇಳುವ ಮೊದಲ ಮಾತು, ಹತ್ತಿರದಲ್ಲಿ ಯಾವ ಹಬ್ಬ ಇತ್ತು ಎಂದು. ನಿಮ್ಮ ಅಮ್ಮ ಕೇಳದೆಯೇ ಶಿವರಾತ್ರಿ ಎಂದು ಹೇಳಿದ್ದಾರೆ.

ಇನ್ನು ದಿನ ಹಿಡಿಯುವ ಬಗೆ. ತಿಥಿ ಎಂದರೆ ಸೂರ್ಯೋದಯದಿಂದ ಸೂರ್ಯೋದಯದವರೆಗಿನ ಒಂದು ದಿನವಲ್ಲ. ಚಂದ್ರ ಸೂರ್ಯನಿಂದ 12 ಅಂಶ (ಡಿಗ್ರಿ) ಸರಿಯಲು ಹಿಡಿಯುವ ಕಾಲ ತಿಥಿ. ಹುಣ್ಣಿಮೆ ಮುಗಿಯುವಾಗ ಇಬ್ಬರ ನಡುವೆ 180 ಅಂಶ. ಅಲ್ಲಿಂದ ಹದಿನೈದು ಹೆಜ್ಜೆ ಇಟ್ಟು 360ಕ್ಕೆ ಬಂದರೆ ಸೂರ್ಯ ಚಂದ್ರರು ಒಂದೇ ಕಡೆ. ‘ಅಮಾ’ ಎಂದರೆ ಜೊತೆಗೆ, ‘ವಸ್’ ಎಂದರೆ ವಾಸಿಸು, ಅದೇ ಅಮಾವಾಸ್ಯೆ. ಚಂದ್ರ ಭೂಮಿಗೆ ಹತ್ತಿರವಿದ್ದಾಗ ಬೇಗ ನಡೆಯುತ್ತಾನೆ, ದೂರವಿದ್ದಾಗ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, 26 ಗಂಟೆ ದಾಟಿಯೂ ಇರಬಹುದು.

ನಮ್ಮ ಮನೆಯಲ್ಲಿ ಇದನ್ನು ನನಗೆ ಕಲಿಸಿದ್ದು ಅಡಿಕೆ. ದೇವರ ಕೋಣೆಯ ಗೋಡೆಯ ಗೂಡಿನಲ್ಲಿ ಅಮ್ಮ ಹುಣ್ಣಿಮೆಯ ದಿನ ಹದಿನೈದು ಗೋಟಡಿಕೆ ಜೋಡಿಸಿಡುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕಿ ಬಂದು ಒಂದನ್ನು ಎಡಗಡೆಯಿಂದ ಬಲಗಡೆಗೆ ಸರಿಸಬೇಕು. ಎಷ್ಟು ಬಲಕ್ಕೆ ಬಂದಿವೆಯೋ ಅಷ್ಟನೆಯ ತಿಥಿ. ಕೆಲವು ದಿನ ಪಂಚಾಂಗ ನೋಡಿದ ಅಪ್ಪ ಒಳಗಿನಿಂದಲೇ, ‘ಇವತ್ತು ಎರಡು ಸರಿಸು, ಸಪ್ತಮಿ ಲೋಪ’ ಎನ್ನುತ್ತಿದ್ದರು. ಒಂದು ಸೂರ್ಯೋದಯವಾದ ಮೇಲೆ ಶುರುವಾಗಿ ಮರುದಿನದ ಸೂರ್ಯೋದಯದ ಒಳಗೇ ಮುಗಿದ ತಿಥಿ ಅದು. ಯಾವ ದಿನಕ್ಕೂ ಅದರ ಹೆಸರು ಅಂಟುವುದಿಲ್ಲ. ಅದೇ ಕ್ಷಯತಿಥಿ. ಇನ್ನು ಕೆಲವು ದಿನ, ‘ಇವತ್ತು ಮುಟ್ಟಬೇಡ, ಇನ್ನೂ ದಶಮಿಯೇ’ ಎನ್ನುತ್ತಿದ್ದರು. ಎರಡು ಸೂರ್ಯೋದಯಗಳನ್ನು ಕಂಡ ಆ ತಿಥಿ ವೃದ್ಧಿತಿಥಿ. ಎತ್ತಿದ ಅಡಿಕೆಯನ್ನು ಅಮ್ಮ ಮತ್ತೆ ಅದೇ ಜಾಗದಲ್ಲಿ ಇಡುವಾಗ ಗೂಡಿನ ಮಣ್ಣಿಗೆ ತಾಗಿ ಆಗುತ್ತಿದ್ದ ಸಣ್ಣ ಸದ್ದು ನನಗೆ ಈಗಲೂ ನೆನಪಿದೆ.

ದಿನಗಳ ಲೆಕ್ಕದಲ್ಲಿ ಪಕ್ಷ ಸಾಮಾನ್ಯವಾಗಿ ಹದಿನಾಲ್ಕೋ ಹದಿನೈದೋ ಆಗುತ್ತದೆ, ಒಮ್ಮೊಮ್ಮೆ ಹದಿನಾರು. ಹದಿಮೂರಾಗುವುದು ಬಹಳ ಅಪರೂಪ. ಮಹಾಭಾರತದ ಭೀಷ್ಮಪರ್ವದಲ್ಲಿ ವ್ಯಾಸರು, ಹದಿನಾಲ್ಕು, ಹದಿನೈದು, ಹದಿನಾರನೆಯ ದಿನ ಅಮಾವಾಸ್ಯೆ ಬಂದದ್ದನ್ನು ಬಲ್ಲೆ, ಹದಿಮೂರನೆಯ ದಿನ ಬಂದದ್ದನ್ನು ಕಂಡಿಲ್ಲ ಎಂದು ಯುದ್ಧದ ಅಪಶಕುನಗಳ ನಡುವೆ ಹೇಳುತ್ತಾರೆ. 2024ರಲ್ಲಿ ಜೂನ್ 23ರಿಂದ ಜುಲೈ 5ರವರೆಗಿನ ಕೃಷ್ಣಪಕ್ಷ ಹಾಗೆ ಹದಿಮೂರೇ ದಿನಗಳದ್ದಾಗಿತ್ತು. ಎರಡು ತಿಥಿಗಳು ಸೂರ್ಯೋದಯ ಕಾಣದೆ ಕಳೆದಿದ್ದವು. ಅದನ್ನೂ ನಾವು ಜ್ಯೇಷ್ಠ ಬಹುಳ ಎಂದೆವು, ಉತ್ತರದವರು ಆಷಾಢ ಕೃಷ್ಣ ಎಂದರು. ಆಗ ಹಲವರು ಹೆದರಿಕೊಂಡು ನನ್ನಲ್ಲಿಗೆ ಬಂದಿದ್ದರು. ಚಂದ್ರನ ನಡಿಗೆ ಚುರುಕಾದರೆ ಹೀಗಾಗುತ್ತದೆ, ಮನೆಯಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ಹೇಳಿ ಕಳಿಸಿದೆ.

ನಿಮಗೆ ಇದರಿಂದ ತಿಳಿಯಬೇಕಾದದ್ದು ಎರಡು ವಿಷಯ. ಮರಣದ ತಿಥಿಯೆಂದರೆ ಪ್ರಾಣ ಹೋದ ಗಳಿಗೆಯಲ್ಲಿದ್ದ ತಿಥಿ, ಅಂದಿನ ಸೂರ್ಯೋದಯದ ತಿಥಿಯಲ್ಲ. ನಿಮ್ಮ ಅಮ್ಮ 9-40 ಎಂದು ವೇಳೆಯನ್ನೂ ಬರೆದಿಟ್ಟದ್ದು ಆ ಕಾರಣಕ್ಕೇ ಇರಬೇಕು. ಎರಡನೆಯದು, ವಾರ್ಷಿಕ ಶ್ರಾದ್ಧಕ್ಕೆ ದಿನ ಹಿಡಿಯುವುದು ಅಪರಾಹ್ಣದಲ್ಲಿರುವ ತಿಥಿಯಿಂದ. ಹಗಲನ್ನು ಐದು ಪಾಲು ಮಾಡಿದರೆ ಪ್ರಾತಃ, ಸಂಗವ, ಮಧ್ಯಾಹ್ನಗಳ ನಂತರದ ನಾಲ್ಕನೆಯ ಪಾಲು ಅಪರಾಹ್ಣ. ಆರಕ್ಕೆ ಬೆಳಗಾಗಿ ಆರಕ್ಕೆ ಕತ್ತಲಾಗುವ ದಿನದಲ್ಲಿ ಅದು 1-12ರಿಂದ 3-36ರವರೆಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಚೌಕದೊಳಗೆ ‘ದ್ವಾದಶಿ’ ಎಂದು ಅಚ್ಚಾಗಿರುವುದು ಸೂರ್ಯೋದಯದ ತಿಥಿ. ಹಾಗಾಗಿ ಏಕಾದಶಿ ಎಂದು ಬರೆದ ದಿನವೇ ನಿಮ್ಮ ದ್ವಾದಶಿ ಶ್ರಾದ್ಧ ಬರುವ ವರ್ಷಗಳೂ ಇರುತ್ತವೆ. ಎರಡು ದಿನದ ಅಪರಾಹ್ಣಕ್ಕೂ ತಿಥಿ ತಾಗಿದರೆ, ಅಥವಾ ಯಾವ ದಿನಕ್ಕೂ ತಾಗದಿದ್ದರೆ, ನಿಮ್ಮ ಪುರೋಹಿತರು ಹೇಳಿದಂತೆ ನಡೆಯಿರಿ. ಸಂಪ್ರದಾಯದಿಂದ ಸಂಪ್ರದಾಯಕ್ಕೆ ಅಲ್ಲಿ ಭೇದವಿದೆ.

ಬೇರೆ ಆಚರಣೆಗಳಿಗೆ ಬೇರೆ ಹೊತ್ತು. ಶಿವರಾತ್ರಿಗೆ ನಡುರಾತ್ರಿ, ಸಂಕಷ್ಟಿಗೆ ಚಂದ್ರೋದಯ. ನರಕ ಚತುರ್ದಶಿಯ ಎಣ್ಣೆಸ್ನಾನವೂ ಚಂದ್ರೋದಯದ ಹೊತ್ತಿನದೇ. ಎಣ್ಣೆಸ್ನಾನದ ಆ ಬೂರೆಯ ಹಬ್ಬಕ್ಕೆ ಹಿಂದಿನ ಸಂಜೆ ಹಂಡೆಗೆ ನೀರು ತುಂಬಿಸಿ, ಕತ್ತಲೆ ಇರುವಾಗಲೇ ಮಕ್ಕಳನ್ನು ಎಬ್ಬಿಸುವುದು ಪಕ್ಷದ ಕೊನೆಯ ತೆಳು ಚಂದ್ರ ಮೂಡುವ ಹೊತ್ತಿಗೆ ಸರಿಯಾಗಲಿ ಎಂದು. ಮಳೆಗಾಲದ ಸಂಕಷ್ಟಿಯಲ್ಲಿ ನಮ್ಮ ಮಲೆನಾಡಿನಲ್ಲಿ ಚಂದ್ರ ಎಲ್ಲಿ ಕಾಣುತ್ತಾನೆ? ಆಗುಂಬೆ ಕಡೆಯವರು ಪಂಚಾಂಗದ ವೇಳೆ ನೋಡಿ, ಸುರಿಯುವ ಮಳೆಯಲ್ಲಿ ಜಗಲಿಯಿಂದಲೇ ಮೂಡಣಕ್ಕೆ ಅರ್ಘ್ಯ ಬಿಟ್ಟು ಊಟಕ್ಕೆ ಕೂರುತ್ತಾರೆ. ಅದು ಲೋಪವಲ್ಲ.

ಶ್ರಾದ್ಧಕ್ಕೂ ಕೃಷ್ಣಪಕ್ಷಕ್ಕೂ ಇರುವ ನಂಟನ್ನು ನಾನು ಬಹಳ ಇಷ್ಟಪಟ್ಟು ಓದಿದ್ದೇನೆ. ನಮ್ಮ ಒಂದು ತಿಂಗಳು ಪಿತೃಗಳಿಗೆ ಒಂದು ಹಗಲು ರಾತ್ರಿ. ಕೃಷ್ಣಪಕ್ಷ ಅವರಿಗೆ ಕೆಲಸದ ಹಗಲು, ಶುಕ್ಲಪಕ್ಷ ಮಲಗುವ ರಾತ್ರಿ ಎಂದು ಸ್ಮೃತಿ ಹೇಳುತ್ತದೆ. 12ನೆಯ ಶತಮಾನದ ಭಾಸ್ಕರಾಚಾರ್ಯರು ಇದನ್ನೇ ಗಣಿತದ ಕಣ್ಣಿನಿಂದ ನೋಡಿದರು. ಪಿತೃಗಳು ಚಂದ್ರನ ಮೇಲ್ಭಾಗದಲ್ಲಿ, ಅಂದರೆ ನಮಗೆ ಕಾಣದ ಬೆನ್ನಿನ ಕಡೆ, ಇರುತ್ತಾರೆ. ಅಮಾವಾಸ್ಯೆಯಂದು ಸೂರ್ಯ ಅವರ ನೆತ್ತಿಯ ಮೇಲೆ. ಕೃಷ್ಣಪಕ್ಷದ ನಡುವಿನಲ್ಲಿ ಅವರಿಗೆ ಸೂರ್ಯೋದಯ, ಶುಕ್ಲಪಕ್ಷದ ನಡುವಿನಲ್ಲಿ ಸೂರ್ಯಾಸ್ತ. ಪಿತೃಲೋಕದ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ನಮಗೆ ಚಂದ್ರ ಪೂರ್ತಿ ಕಪ್ಪಾಗಿ ಕಾಣುವ ದಿನ ಅವನ ಆಚೆ ಮಗ್ಗುಲು ಪೂರ್ತಿ ಬೆಳಗಿರುತ್ತದೆ ಎಂಬುದು ಖಗೋಳದ ಸತ್ಯ. ನಿಮ್ಮ ತಂದೆಯ ದ್ವಾದಶಿ ಆ ಲೆಕ್ಕದಲ್ಲಿ ಬೆಳಗು ಕಳೆದು ಮಧ್ಯಾಹ್ನದ ಕಡೆಗೆ ಹೊರಟ ಹೊತ್ತು.

ಭಾದ್ರಪದ ಬಹುಳವನ್ನು ನಾವು ಮಹಾಲಯ ಎನ್ನುವುದಕ್ಕಿಂತ ‘ಪಕ್ಷ’ ಎಂದಷ್ಟೇ ಹೇಳುವುದು ಹೆಚ್ಚು. ‘ಅವರ ಮನೆಯಲ್ಲಿ ಇವತ್ತು ಪಕ್ಷ’ ಎಂದರೆ ಮುಗಿಯಿತು, ಯಾವ ಪಕ್ಷ ಎಂದು ಯಾರೂ ಕೇಳುವುದಿಲ್ಲ. ವರ್ಷದ ಇಪ್ಪತ್ತನಾಲ್ಕರಲ್ಲಿ ಆ ಪದವನ್ನು ಹಿರಿಯರ ಒಂದು ಹದಿನೈದು ದಿನಕ್ಕೆ ಮೀಸಲಿಟ್ಟುಬಿಟ್ಟಿದ್ದೇವೆ. ನೀವೂ ನಿಮ್ಮ ತಮ್ಮನೂ ಅಲ್ಲಿಯೂ ದ್ವಾದಶಿಯನ್ನು ಹಿಡಿಯಬೇಕು. ನೋಯ್ಡಾದಲ್ಲಿ ಅದು ‘ಆಶ್ವಿನ ಕೃಷ್ಣ’ ಎಂದು ಕಾಣುತ್ತದೆ.

ಗೃಹಪ್ರವೇಶದ ವಿಚಾರ. ಕೃಷ್ಣಪಕ್ಷ ಅಶುಭ ಎಂದು ಸಗಟಾಗಿ ಹೇಳುವುದು ಸರಿಯಲ್ಲ. ಹುಣ್ಣಿಮೆ ಕಳೆದ ಮೊದಲ ಐದು ದಿನ, ಬಹುಳ ಪಂಚಮಿಯವರೆಗೆ, ಚಂದ್ರನಿಗೆ ಬಲ ಇದ್ದೇ ಇರುತ್ತದೆ ಎಂದು ಮುಹೂರ್ತ ಹಾಕುವವರು ಒಪ್ಪುತ್ತಾರೆ. ದಶಮಿಯವರೆಗೆ ಮಧ್ಯಮ. ಅಮಾವಾಸ್ಯೆಯ ಹತ್ತಿರದ ದಿನಗಳನ್ನು ಬಿಡುತ್ತಾರೆ. ನಿಮ್ಮ ಮನೆಯಲ್ಲಿ ಹಳೆಯ ಮದುವೆ ಕಾಗದಗಳಿದ್ದರೆ ತೆಗೆದು ನೋಡಿ, ಬಹುಳ ಬಿದಿಗೆ, ತದಿಗೆಗಳ ಮುಹೂರ್ತ ಎಷ್ಟೋ ಸಿಗುತ್ತವೆ. ನಿಮಗೆ ಸಿಕ್ಕಿರುವ ಬಿದಿಗೆ ಒಳ್ಳೆಯ ದಿನ. ಸಂಜೆ ನೆಂಟರು ಹೊರಡುವ ಹೊತ್ತಿಗೆ ಹೆಚ್ಚುಕಡಿಮೆ ತುಂಬಿದ ಚಂದ್ರ ಅಂಗಳದಲ್ಲಿರುತ್ತಾನೆ. ನಮ್ಮ ಕಡೆ ಬಿದಿರು, ಮರ ಕಡಿಯುವುದಕ್ಕೆ ಕತ್ತಲೆ ಪಕ್ಷವನ್ನೇ ಹುಡುಕುತ್ತಾರೆ, ಹುಳು ಹಿಡಿಯುವುದಿಲ್ಲ ಎಂದು. ಬಿದಿರಿಗೆ ಹುಳು ಬೀಳುವುದು ಅದರೊಳಗಿನ ಪಿಷ್ಟಕ್ಕೆ. ಯಾವ ಋತುವಿನಲ್ಲಿ ಕಡಿದಿರಿ, ಕಡಿದ ಮೇಲೆ ನೀರಿನಲ್ಲಿ ಎಷ್ಟು ದಿನ ನೆನೆಸಿದಿರಿ ಎಂಬುದು ಅಲ್ಲಿ ಮುಖ್ಯ. ಹಿರಿಯರು ಎರಡನ್ನೂ ನೋಡುತ್ತಿದ್ದರು, ಪಕ್ಷವೊಂದನ್ನೇ ಅಲ್ಲ.

ಮೊಬೈಲಿನ ಪಂಚಾಂಗವನ್ನು ಬಿಡಬೇಕಾಗಿಲ್ಲ. ಹಲವು ಪಂಚಾಂಗಗಳಲ್ಲಿ ಅಮಾಂತ, ಪೂರ್ಣಿಮಾಂತ ಎಂದು ಆಯ್ಕೆ ಇರುತ್ತದೆ. ತಮ್ಮನಿಗೆ ಅಮಾಂತಕ್ಕೆ ಬದಲಿಸಿಕೊಳ್ಳಲು ಹೇಳಿ. ಊರು ಯಾವುದೆಂದು ಕೊಡುವಾಗ ಶ್ರಾದ್ಧ ನಡೆಯುವ ಊರನ್ನೇ ಕೊಡಬೇಕು, ಏಕೆಂದರೆ ಸೂರ್ಯೋದಯ, ಅಪರಾಹ್ಣ ಎರಡೂ ಊರಿಂದ ಊರಿಗೆ ಬೇರೆ. ಸೂರ್ಯಸಿದ್ಧಾಂತವೆಂಬ ಹಳೆಯ ಗ್ರಂಥದ ಲೆಕ್ಕದ ಪಂಚಾಂಗಕ್ಕೂ, ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತದ ಪಂಚಾಂಗಕ್ಕೂ ತಿಥಿ ಮುಗಿಯುವ ವೇಳೆಯಲ್ಲಿ ಅಂತರ ಬರುತ್ತದೆ. ನಿಮ್ಮ ಮನೆ ಯಾವುದನ್ನು ಅನುಸರಿಸುತ್ತಿದೆಯೋ ಇಬ್ಬರೂ ಅದನ್ನೇ ನೋಡಿ.

ಅಮ್ಮನ ಪುಸ್ತಕದಲ್ಲಿ ಅವರ ಅಕ್ಷರದ ಕೆಳಗೆ ನೀವು ಇನ್ನೊಂದು ಸಾಲು ಸೇರಿಸಿ, ತಮ್ಮನಿಗೂ ಅದರ ಫೋಟೊ ಕಳಿಸಿ. ಸಂವತ್ಸರದ ಹೆಸರು, ಇಂಗ್ಲಿಷ್ ತಾರೀಖು ಮೊದಲು ಬರೆದು ಆಮೇಲೆ ಹೀಗೆ: ‘ಮಾಘ ಬಹುಳ ದ್ವಾದಶಿ, ಅಮಾಂತ. ಉತ್ತರದ ಪಂಚಾಂಗದಲ್ಲಿ ಫಾಲ್ಗುಣ ಕೃಷ್ಣ ದ್ವಾದಶಿ. ಶಿವರಾತ್ರಿಗೆ ಎರಡು ದಿನ ಇರುವಾಗ. ಬೆಳಗಿನ ಜಾವ ತೋಟದ ಮೇಲೆ ಚಂದ್ರ ಇದ್ದ.’